ತೆಗೆದ ಶಬ್ದವನ್ನು ಹಿಂದಿರುಗಿಸುವ ಕುರಿತು

ಗೆ,
ಮುಖ್ಯಸ್ಥರು,
ಶಬ್ದನಿವಾರಣಾ ವಿಭಾಗ,
ದೊಡ್ಡ ಹೆಡ್‌ಫೋನು ತಯಾರಿಸುವ ಕಂಪನಿ.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಕೈಕೆಳಗೆ ಶಬ್ದವನ್ನು ಹುಡುಕಿ ಹುಡುಕಿ ತೆಗೆಯುವ ಎಲ್ಲ ಇಂಜಿನಿಯರುಗಳಿಗೂ, ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಮುಗುಳ್ನಗುತ್ತಿರುವ ಆ ಮಹಾಶಯರಿಗೂ (ಅವರು ಯಾವ ಬಸ್ಸಿನಲ್ಲಿ ಕುಳಿತಿದ್ದಾರೆಂದು ತಿಳಿಸಿದ್ದರೆ ನಾನೂ ಅದರಲ್ಲೇ ಹೋಗುತ್ತಿದ್ದೆ) ನನ್ನ ಗೌರವಪೂರ್ವಕ ವಂದನೆಗಳು. ತಾವೆಲ್ಲ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಕಂಪನಿಯ ಹೆಸರನ್ನು ಹೀಗೆ ಊರೆಲ್ಲ ಓದುವ ಪತ್ರದಲ್ಲಿ ಬರೆಯುವುದು ಸಭ್ಯತೆಯಲ್ಲವೆಂದು ಬಿಟ್ಟಿದ್ದೇನೆ. ಓದುತ್ತ ಓದುತ್ತ ಯಾರ ಕಿವಿ ಬಿಸಿಯಾಗುತ್ತದೋ ಅವರಿಗೇ ಈ ಪತ್ರವೆಂದು ತಿಳಿಯತಕ್ಕದ್ದು.

ವಿಷಯ ಇಷ್ಟೇ. ನನ್ನ ಹೆಂಡತಿ ಒಂಬತ್ತು ದಿನದಿಂದ ಕಡಲ ತೀರದಲ್ಲಿ ತನ್ನ ಅಕ್ಕನ ಮನೆಯಲ್ಲಿದ್ದಾಳೆ, ನಾನು ಇಲ್ಲಿ ಅಡುಗೆಮನೆಯ ಮೇಜಿನ ಮುಂದೆ ಕುಳಿತು ತಮಗೆ ಪತ್ರ ಬರೆಯುತ್ತಿದ್ದೇನೆ, ನಮ್ಮಿಬ್ಬರ ನಡುವೆ ಇನ್ನೂರೆಪ್ಪತ್ತು ಕಿಲೋಮೀಟರು ರಸ್ತೆಯೂ ತಮ್ಮ ಯಂತ್ರವೂ ಇವೆ. ರಸ್ತೆಯ ಬಗ್ಗೆ ನನ್ನ ದೂರಿಲ್ಲ.

ನನ್ನ ಪರಿಚಯ ಹೇಳಿಕೊಳ್ಳಬೇಕು. ಮೂವತ್ತೊಂದು ವರ್ಷದಿಂದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೇನೆ. ನನಗೊಂದು ಹೆಸರಿದೆಯೆಂಬುದು ಸಂಬಳದ ಚೀಟಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ನಾನು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿಕೊಂಡರೆ, ಒಳಗೆ ಯಾವ ಬೇರಿಂಗು ಸವೆದಿದೆ, ಯಾವ ನಟ್ಟು ಸಡಿಲಾಗಿದೆ, ಯಾವುದು ಇನ್ನು ಎಷ್ಟು ದಿನಕ್ಕೆ ಕೈಕೊಡುತ್ತದೆ ಎಂದು ಹೇಳಬಲ್ಲೆ. ಇದು ಹೆಚ್ಚುಗಾರಿಕೆಯ ಮಾತಲ್ಲ. ಡಿಪೋದಲ್ಲಿ ಯಾರನ್ನು ಬೇಕಾದರೂ ಕೇಳಿ. ಮನೆಯಲ್ಲಿ ಮಾತ್ರ ಕೇಳಬೇಡಿ.

ಮನೆಯಲ್ಲಿ ಏಕೆ ಕೇಳಬಾರದೆಂದರೆ, ಬಟ್ಟೆ ಹೊಲಿಯುವ ಕೆಲಸ ಮಾಡುವ ನನ್ನ ಹೆಂಡತಿ ಈ ಕಿವಿಯಿಂದಾಗಿ ಮೂವತ್ತು ವರ್ಷದಲ್ಲಿ ಒಂದೇ ಒಂದು ಪ್ರಯಾಣವನ್ನೂ ಗಂಡನ ಪಕ್ಕದಲ್ಲಿ ಕುಳಿತು ಮುಗಿಸಿದವಳಲ್ಲ. ಮದುವೆಯಾದ ಹೊಸದರಲ್ಲಿ ಹೊರಟ ಮೊದಲ ಬಸ್ಸಿನಲ್ಲೇ, ಮುಕ್ಕಾಲು ಗಂಟೆಯೊಳಗೆ ಫ್ಯಾನ್ ಬೆಲ್ಟು ಕಿರುಗುಟ್ಟಿದ್ದನ್ನು ಸಹಿಸಲಾರದೆ ಇಳಿದು ಬಾನೆಟ್ಟಿನೊಳಗೆ ತಲೆ ಹಾಕಿದೆ. ಆಕೆ ಹೊಸ ಬಟ್ಟೆ ತೊಟ್ಟು ರಸ್ತೆಬದಿಯ ಕಲ್ಲಿನ ಮೇಲೆ ಮೂರು ಗಂಟೆ ಕುಳಿತಿದ್ದಳು. ರೈಲಾದರೆ ಇವರ ಆಟ ನಡೆಯುವುದಿಲ್ಲವೆಂದು ಇನ್ನೊಮ್ಮೆ ರೈಲು ಹತ್ತಿಸಿದಳು. ಚಕ್ರದ ಒಂದು ಸದ್ದನ್ನು ಹಿಂಬಾಲಿಸುತ್ತ ಹನ್ನೊಂದು ಬೋಗಿ ದಾಟಿ ಹೋದ ನಾನು, ಊರು ಬಂದಾಗ ಆಕೆಗೆ ಸಿಕ್ಕಿದ್ದು ಗಾರ್ಡಿನ ಡಬ್ಬಿಯಲ್ಲಿ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು. ಒಮ್ಮೆ ಕೆರೆಯಲ್ಲಿ ದೋಣಿವಿಹಾರಕ್ಕೂ ಹೋಗಿದ್ದೆವು. ಅಲ್ಲಿ ಮೋಟಾರು ಬಿಚ್ಚಿ ಜೋಡಿಸುವವರೆಗೆ ಆಕೆ ನನ್ನ ಜೊತೆಯಲ್ಲೇ ಇದ್ದಳು, ಇಳಿದು ಹೋಗಲು ಸುತ್ತ ನೀರಲ್ಲದೆ ಬೇರೇನೂ ಇರಲಿಲ್ಲ.

ಈ ವರ್ಷ ಆಕೆ ಕತ್ತರಿ ಕೆಳಗಿಟ್ಟು, ಕುತ್ತಿಗೆಯಲ್ಲಿದ್ದ ಅಳತೆಯ ಟೇಪನ್ನೂ ತೆಗೆದಿಟ್ಟು, ಸ್ಪಷ್ಟವಾಗಿ ಹೇಳಿದಳು: "ನಂಗೆ ಕಡಲು ನೋಡ್ಬೇಕು. ನಿಮ್ಮ ಪಕ್ಕದಲ್ಲಿ ಕೂತ್ಕೊಂಡು ಹೋಗಿ ನೋಡ್ಬೇಕು. ಮೆಕ್ಯಾನಿಕ್ ಜೊತೆ ಅಲ್ಲ, ಗಂಡನ ಜೊತೆ. ಒಂಬತ್ತು ಗಂಟೆ ದಾರಿ. ಈ ಸಲ ನೀವು ಇಳಿದ್ರೆ ನಾನು ಇಳಿಯಲ್ಲ. ಕಾಯೋದೂ ಇಲ್ಲ." ಆಕೆ ಸಿಟ್ಟಿನಲ್ಲಿ ಹೇಳಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆಕೆ ತಣ್ಣಗೆ ಹೇಳಿದ್ದರಿಂದ ಅವತ್ತೇ ಸಂಜೆ ಅಂಗಡಿಗೆ ಹೋದೆ.

ತಮ್ಮ ಹೆಡ್‌ಫೋನುಗಳನ್ನು ಮಾರುವ ಅಂಗಡಿಯ ಆ ಹುಡುಗಿಯನ್ನು ಹೊಗಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಆಕೆ ಮೊದಲು ಕಿವಿಯ ತೂತಿನೊಳಗೆ ಸೇರಿಸುವ ಬಟಾಣಿಯಂಥ ಜೋಡಿಯನ್ನು ತೋರಿಸಿದಳು. ನನ್ನ ಬೆರಳುಗಳಲ್ಲಿ ಅವು ಎರಡು ಸಲ ಜಾರಿ ಬಿದ್ದು, ಮೂರನೆಯ ಸಲ ನನ್ನ ಅಂಗಿಯ ಜೇಬಿನಲ್ಲೇ ಕಳೆದುಹೋದವು. ಆಮೇಲೆ ಕಿವಿಯ ಮೇಲೆ ಒತ್ತಿ ಕೂರುವ ಜೋಡಿ ತೋರಿಸಿದಳು. ಅದು ಕನ್ನಡಕದ ಕಡ್ಡಿಯನ್ನು ತಲೆಬುರುಡೆಯೊಳಗೇ ಇಳಿಸುವ ಹಟ ಹಿಡಿದಿತ್ತು. ಕೊನೆಗೆ ತಮ್ಮದು. ಇಡೀ ಕಿವಿಯನ್ನು ಬಚ್ಚಿಡುವ ಮೆತ್ತನೆಯ ಎರಡು ಬಟ್ಟಲು, ಒಮ್ಮೆ ಚಾರ್ಜು ಮಾಡಿದರೆ ಮೂವತ್ತು ಗಂಟೆ, ಮಡಚಿಡಲು ಚೀಲ ಬೇರೆ. "ಸಾರ್, ಪ್ರಯಾಣಕ್ಕಾ, ದಿನಬಳಕೆಗಾ?" ಎಂದು ಕೇಳಿದಳು. ಸಂಸಾರಕ್ಕೆ ಎಂದೆ. ಆಕೆ ಒಂದಿಷ್ಟೂ ತಬ್ಬಿಬ್ಬಾಗದೆ, "ಹಾಗಾದ್ರೆ ದೊಡ್ಡದೇ ತಗೊಳ್ಳಿ ಸಾರ್. ಒಂದೇ ಸಮ ಬರೋ ಶಬ್ದ ಎಲ್ಲ ತೆಗೆದುಬಿಡುತ್ತೆ. ಇಂಜಿನ್ನು, ಫ್ಯಾನು, ಏಸಿ, ಎಲ್ಲ" ಎಂದಳು. ಇಂಜಿನ್ನು ಎಂಬ ಒಂದು ಪದ ಕೇಳಿದ್ದೇ ತಡ, ಉಳಿದ ಮಾತು ನನಗೆ ಬೇಕಾಗಲಿಲ್ಲ.

ಆದರೂ ಮೆಕ್ಯಾನಿಕ್ ಆದವನು ಪರೀಕ್ಷೆ ಮಾಡದೆ ಯಾವ ಸಾಮಾನನ್ನೂ ಒಪ್ಪಿಕೊಳ್ಳಬಾರದು. ಮರುದಿನ ಬೆಳಿಗ್ಗೆ ಡಿಪೋದ ಅಂಗಳದಲ್ಲಿ ಆರು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ, ಆರು ಚಾಲಕರನ್ನು ಕೂರಿಸಿ, ಆರೂ ಇಂಜಿನ್ನುಗಳನ್ನು ಒಟ್ಟಿಗೆ ಚಾಲೂ ಮಾಡಿಸಿ, ನಟ್ಟನಡುವೆ ನಿಂತು ತಮ್ಮ ಹೆಡ್‌ಫೋನು ಧರಿಸಿದೆ. ಗುಂಡಿ ಒತ್ತಿದೆ. ಆರು ಬಸ್ಸುಗಳು ನನ್ನ ಕಣ್ಣೆದುರೇ ಗಡಗಡ ನಡುಗುತ್ತಿದ್ದವು, ಸದ್ದು ಮಾತ್ರ ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನ ಕಣ್ಣಲ್ಲಿ ನೀರು ಬಂತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಈ ಪರೀಕ್ಷೆಯಲ್ಲಿ ಇದ್ದ ದೋಷ ಒಂದೇ, ಅದೂ ಐದು ದಿನ ತಡವಾಗಿ ಹೊಳೆದದ್ದು: ಆ ಆರೂ ಬಸ್ಸುಗಳನ್ನು ರಿಪೇರಿ ಮಾಡಿದವನು ನಾನೇ.

ಕಡಲಿಗೆ ಹೋಗುವ ಬಸ್ಸು ಬೇರೆ ಡಿಪೋದ್ದು. ಬೆಳಿಗ್ಗೆ ಆರಕ್ಕೆ ಹೊರಟಿತು. ಆಕೆ ಕಿಟಕಿಯ ಪಕ್ಕ, ಮಡಿಲಲ್ಲಿ ಎರಡು ಊಟದ ಡಬ್ಬಿ. ಪಕ್ಕದಲ್ಲಿ ನಾನು, ತಲೆಯ ಮೇಲೆ ತಾವು. ಗುಂಡಿ ಒತ್ತಿದೊಡನೆ ಇಂಜಿನ್ನು ಮಾಯವಾಯಿತು. ಚಕ್ರದ ಮೊರೆತ ಮಾಯವಾಯಿತು. ಬದುಕಿದೆ ಎಂದುಕೊಂಡು ಸೀಟಿಗೆ ಒರಗಿದೆ. ಆಗ, ಮಾನ್ಯರೇ, ಆ ಶಾಂತಿಯ ಒಳಗಿನಿಂದ ಮೊದಲನೆಯದು ಬಂತು. ಹಿಂದಿನ ಬಲಗಡೆ ಷಾಕ್ ಅಬ್ಸಾರ್ಬರಿನ ಬುಷ್ಷು. ಅದರ ಹಿಂದೆಯೇ ಸೈಲೆನ್ಸರಿನ ಹಿಡಿಕೆ. ಆಮೇಲೆ ಗೇರ್ ಬಾಕ್ಸಿನ ಹತ್ತಿರ ಯಾವುದೋ ಬೋಲ್ಟು, ಏಳನೆಯ ಸೀಟಿನ ಕಿಟಕಿಗಾಜು, ಬಾಗಿಲ ಚಿಲಕ, ಬಿಡಿ ಚಕ್ರ ಕಟ್ಟಿದ ಸರಪಳಿ. ಮೊದಲ ಒಂದು ಗಂಟೆಯಲ್ಲೇ ಹನ್ನೊಂದು ಮಂದಿ ಒಬ್ಬೊಬ್ಬರಾಗಿ ಬಂದು ತಮ್ಮ ಪರಿಚಯ ಮಾಡಿಕೊಂಡರು.

ತಮ್ಮ ಸಾಧನೆಯನ್ನು ಇಲ್ಲಿ ಮನಸಾರೆ ಕೊಂಡಾಡುತ್ತೇನೆ. ಬಸ್ಸಿನಲ್ಲಿ ನೆಟ್ಟಗಿರುವುದೆಲ್ಲ ಒಂದೇ ಸಮ ಮೊರೆಯುತ್ತದೆ. ಕೆಟ್ಟದ್ದು ಮಾತ್ರ ತಪ್ಪಿ ತಪ್ಪಿ ಬಡಿದುಕೊಳ್ಳುತ್ತದೆ. ತಾವು ಒಂದೇ ಸಮ ಬರುವುದನ್ನೆಲ್ಲ ಒರೆಸಿ ಹಾಕಿ, ಆ ಬಸ್ಸಿನ ಆರೋಗ್ಯವನ್ನೆಲ್ಲ ಬೇರೆ ತೆಗೆದಿಟ್ಟು, ರೋಗವನ್ನಷ್ಟೇ ಚೊಕ್ಕಟವಾಗಿ ತೊಳೆದು ನನ್ನ ಕಿವಿಗೆ ಬಡಿಸಿದಿರಿ. ಮೂವತ್ತೊಂದು ವರ್ಷ ಸ್ಕ್ರೂಡ್ರೈವರು ಹಿಡಿದು ಕೇಳಿದರೂ ಯಾವ ಬಸ್ಸಿನ ಸಂಕಟವನ್ನೂ ನಾನು ಇಷ್ಟು ಸ್ವಚ್ಛವಾಗಿ ಕೇಳಿದವನಲ್ಲ. ತಮ್ಮ ಹೆಡ್‌ಫೋನನ್ನು ಡಿಪೋಗಳಿಗೆ ಮಾರಿದ್ದರೆ ದೇಶದ ಬಸ್ಸುಗಳೆಲ್ಲ ಉದ್ಧಾರವಾಗುತ್ತಿದ್ದವು, ಗಂಡಂದಿರಿಗೆ ಮಾರಿದ್ದೇ ತಪ್ಪಾಯಿತು.

ತೆಗೆದಿಡಬಹುದಿತ್ತಲ್ಲ ಎಂದು ತಾವು ಕೇಳುವುದು ನನಗೆ ಕೇಳಿಸುತ್ತಿದೆ. ಒಮ್ಮೆ ಕಿವಿಗೆ ಬಿದ್ದ ದೋಷ ಹೆಡ್‌ಫೋನು ತೆಗೆದರೆ ಹೋಗುವುದಿಲ್ಲ, ಅದು ಎಲ್ಲಿದೆಯೆಂದು ಕಿವಿಗೆ ಗೊತ್ತಾಗಿಬಿಟ್ಟಿರುತ್ತದೆ. ಇನ್ನೊಂದು, ಆಕೆ ಹತ್ತು ನಿಮಿಷಕ್ಕೊಮ್ಮೆ ನನ್ನತ್ತ ತಿರುಗಿ ಹೇಗಿದೆ ಎಂದು ಹುಬ್ಬಿನಲ್ಲೇ ಕೇಳುತ್ತಿದ್ದಳು, ನಾನು ಹೆಬ್ಬೆರಳೆತ್ತಿ ಫಸ್ಟ್‌ಕ್ಲಾಸ್ ಎಂದು ತೋರಿಸುತ್ತಿದ್ದೆ. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಯಾವ ಬಸ್ಸಿನಲ್ಲೂ ಕಂಡಿರಲಿಲ್ಲ. ಅಥವಾ ಯಾವ ಬಸ್ಸಿನಲ್ಲೂ ಅವಳ ಮುಖವನ್ನೇ ನೋಡಿರಲಿಲ್ಲ. ದಿನಬಳಕೆಯ ಆಲಿಸುವಿಕೆಗೂ ಉತ್ತಮ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದೀರೆಂದು ಹಳೆಯ ಹಾಡುಗಳನ್ನೂ ಹಾಕಿ ನೋಡಿದೆ. ಸೈಲೆನ್ಸರಿನ ಹಿಡಿಕೆ ಪ್ರತಿ ಹಾಡಿಗೂ ತಾಳ ತಪ್ಪಿಸಿ ಬಡಿಯಿತು. ಹಾಡು ನಿಲ್ಲಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಹಲ್ಲುಕಚ್ಚಿ ಕುಳಿತೆ.

ಎರಡನೆಯ ನಿಲ್ದಾಣ ದಾಟಿದ ಮೇಲೆ ಆಕೆ ಮಾತಾಡತೊಡಗಿದಳು. ಕಿಟಕಿಯ ಕಡೆ ನೋಡುತ್ತ, ತಗ್ಗಿದ ದನಿಯಲ್ಲಿ, ಬಟ್ಟೆಗೆ ಕೈಹೊಲಿಗೆ ಹಾಕುವಾಗ ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಹಾಗೆ. ನನ್ನ ಕಣ್ಣಂಚಿಗೆ ಅವಳ ತುಟಿ ಆಡುವುದು ಕಾಣುತ್ತಿತ್ತು. ನಡುನಡುವೆ ನಿಲ್ಲಿಸಿದಾಗ ನಾನು ಹೂಂ ಎನ್ನುತ್ತಿದ್ದೆ. ಗಂಡನಾದವನಿಗೆ ಹೂಂ ಎನ್ನುವ ಜಾಗ ತುಟಿ ನೋಡಿದರೆ ತಿಳಿಯುತ್ತದೆ. ಒಮ್ಮೆ ಆಕೆ ಕಣ್ಣೊರೆಸಿಕೊಂಡಳೆಂದು ನೆನಪು. ಆಗ ನಾನು ಗೇರ್ ಬಾಕ್ಸಿನ ಬೋಲ್ಟಿನ ಬಗ್ಗೆ ಚಿಂತಿಸುತ್ತಿದ್ದೆ.

ಐದನೆಯ ಗಂಟೆಯ ಸುಮಾರಿಗೆ ಹನ್ನೆರಡನೆಯದು ಬಂತು. ಟಕ್ ಎಂದು ಒಂದೇ ಒಂದು ಸದ್ದು, ಸ್ವಲ್ಪ ಬಿಟ್ಟು ಇನ್ನೊಂದು. ಉಳಿದ ಹನ್ನೊಂದರ ಹಾಗೆ ಇದು ಎಲ್ಲೋ ದೂರದಲ್ಲಿರಲಿಲ್ಲ, ಕಿವಿಯ ಬುಡದಲ್ಲೇ ಇತ್ತು. ನಾನು ಗಟ್ಟಿಯಾಗಿ ಹಲ್ಲು ಕಚ್ಚಿದಷ್ಟೂ ಅದು ಜೋರಾಯಿತು. ಹಿಂದಿನ ಚಕ್ರದ ಬೇರಿಂಗು ಹೋಗುತ್ತಿದೆ, ಇನ್ನು ಹತ್ತು ಕಿಲೋಮೀಟರಿನಲ್ಲಿ ಚಕ್ರವೇ ಕಳಚಿ ನಮಗಿಂತ ಮೊದಲು ಕಡಲು ಸೇರುತ್ತದೆ, ಒಳಗೆ ಮೂವತ್ತೆಂಟು ಜನ, ಅವರಲ್ಲಿ ಒಬ್ಬಳು ನನ್ನ ಹೆಂಡತಿ ಎಂದೆಲ್ಲ ಲೆಕ್ಕ ಹಾಕಿ, ಅಂಡು ಸುಟ್ಟ ಬೆಕ್ಕಿನ ಹಾಗೆ ಎದ್ದು ಚಾಲಕನ ಬಳಿಗೆ ಓಡಿ ಬಸ್ಸು ನಿಲ್ಲಿಸಿದೆ. ಎದ್ದವನು ಆಕೆಯ ಮುಖ ನೋಡಲಿಲ್ಲ.

ಬಸ್ಸಿನ ಕೆಳಗೆ ತೂರಿದೆ. ಇಂಜಿನ್ನು ಆಫಾಗಿತ್ತು, ಚಕ್ರ ನಿಂತಿತ್ತು, ಆದರೂ ಟಕ್ ಎಂದಿತು. ನಿಂತ ಚಕ್ರದ ಬೇರಿಂಗು ಸದ್ದು ಮಾಡುವುದನ್ನು ನಾನು ಈವರೆಗೆ ಕಂಡಿಲ್ಲವಾದ್ದರಿಂದ ಕುತೂಹಲ ಹೆಚ್ಚಾಗಿ, ಸದ್ದಿನ ಮೂಲ ಹುಡುಕುತ್ತ ಹೊರಗೆ ತೆವಳಿ, ಹತ್ತು ಹೆಜ್ಜೆ ಹಿಂದೆ ಹೋದೆ. ಅಲ್ಲೂ ಟಕ್. ಚರಂಡಿ ದಾಟಿ ಒಂದು ಮರದ ಬುಡಕ್ಕೆ ಹೋದೆ. ಅಲ್ಲೂ ಟಕ್. ಕೊನೆಗೆ ರಸ್ತೆಗೆ ಬೆನ್ನು ಮಾಡಿ ಕುಳಿತು, ಡಿಪೋದಲ್ಲಿ ಮಾಡುವಂತೆ ಒಂದೊಂದೇ ಜಾಗ ಮುಟ್ಟಿ ನೋಡುತ್ತ ಬಂದಾಗ, ಕಿವಿಯ ಕೆಳಗೆ ಬೆರಳಿಟ್ಟ ತಕ್ಷಣ ಸದ್ದು ಕೈಗೆ ಸಿಕ್ಕಿತು. ಮಾನ್ಯರೇ, ಅದು ನನ್ನ ದವಡೆ. ಇಳಿಯಬಾರದೆಂದು ಐದು ಗಂಟೆ ಹಲ್ಲುಕಚ್ಚಿ ಕುಳಿತದ್ದರಿಂದ ಅದರ ಕೀಲು ಸದ್ದು ಮಾಡತೊಡಗಿತ್ತು, ಕಿವಿ ಮುಚ್ಚಿದ ತಮ್ಮ ಬಟ್ಟಲು ಅದನ್ನು ದೊಡ್ಡದು ಮಾಡಿ ಕೇಳಿಸಿತ್ತು.

ತಿರುಗಿ ನೋಡಿದರೆ ಬಸ್ಸಿಲ್ಲ. ಕಣ್ಣು ಕಟ್ಟಿ ನಿಲ್ಲಿಸಿದರೂ ಒಂದು ಮೈಲಿ ಆಚೆಯಿಂದ ಬರುವುದು ಯಾವ ಬಸ್ಸೆಂದು ಹೇಳುವ ನಾನು, ಬೆನ್ನ ಹಿಂದೆ ಹತ್ತು ಹೆಜ್ಜೆಯಲ್ಲಿ ಒಂದು ಬಸ್ಸು ಚಾಲೂ ಆಗಿ, ಗೇರು ಬದಲಿಸಿ, ಹೆಂಡತಿಯನ್ನು ಕೂರಿಸಿಕೊಂಡು ಹೋದದ್ದು ಕೇಳಿಸದೆ ದವಡೆ ಹಿಡಿದುಕೊಂಡು ಕುಳಿತಿದ್ದೆ. ತಾವು ಭರವಸೆ ಕೊಟ್ಟಂತೆಯೇ ಇಂಜಿನ್ನಿನ ಶಬ್ದವನ್ನು ಪೂರ್ತಿ ತೆಗೆದಿದ್ದೀರಿ, ಇದರಲ್ಲಿ ಯಾವ ಕಂಪನಿಯೂ ತಮ್ಮನ್ನು ಮೀರಿಸಲಾರದು. ಚಾಲಕ ಹಾರನ್ ಹೊಡೆಯಲು ಕೈಯೆತ್ತಿದಾಗ ನನ್ನಾಕೆ, "ಬೇಡ, ಅವರ ಕೆಲಸಕ್ಕೆ ತೊಂದರೆ ಆಗುತ್ತೆ. ಹೊರಡಿ" ಎಂದಳೆಂದು ಆಮೇಲೆ ಆ ಬಸ್ಸು ಹಿಂದಿರುಗಿ ಬಂದಾಗ ಕಂಡಕ್ಟರು ಹೇಳಿದರು. ರಸ್ತೆಯಂಚಿನಲ್ಲಿ ನನ್ನ ಪಾಲಿನ ಊಟದ ಡಬ್ಬಿಯನ್ನು ಇಟ್ಟುಹೋಗಿದ್ದಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತೆ, ತಿನ್ನಲಾಗಲಿಲ್ಲ. ಒಂದು ಲಾರಿ ಹಿಡಿದು ಮನೆಗೆ ಬಂದೆ. ಲಾರಿಯಲ್ಲಿ ನಾಲ್ಕು ದೋಷಗಳಿದ್ದವು, ಯಾವುದನ್ನೂ ಹೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಮಾತಿನಂತೆ ಆಕೆ ಹೋದಳು, ನನಗೆ ಆಗಬೇಕಾದ್ದೇ ಆಯಿತು ಎಂದು ತೆಪ್ಪಗಿರುತ್ತಿದ್ದೆ. ಆದರೆ ನಿನ್ನೆ ಮಧ್ಯಾಹ್ನ ಆಕೆಯ ಫೋನು ಬಂತು. ಎಂಟು ದಿನದ ಮೇಲೆ ಮೊದಲ ಸಲ. ಕಡಲ ಅಂಚಿನಲ್ಲಿ ನಿಂತಿದ್ದಳಂತೆ, ಕಿವಿಯಲ್ಲಿ ಅಕ್ಕನ ಮಗಳು ಕೊಟ್ಟ ಬಟಾಣಿಯಂಥ ಜೋಡಿ, ಅದೂ ತಮ್ಮದೇ ಕಂಪನಿಯದು, ಮಾತಾಡುತ್ತಿದ್ದದ್ದೂ ಅದರ ಮೂಲಕವೇ. "ತಗೊಳ್ಳಿ, ಅಲೆ ಬಂತು ನೋಡಿ ಈಗ. ಕೇಳಿಸ್ತಾ?" ಎಂದಳು. ಕಡಲು ಬಹಳ ದೊಡ್ಡದು, ಒಂದೇ ಸಮ ಮೊರೆಯುವಂಥದ್ದು. ಫ್ಯಾನಿನ ಶಬ್ದವೆಂದೇ ಭಾವಿಸಿ ತಾವು ಅದನ್ನು ಇಡಿಯಾಗಿ ಒರೆಸಿಬಿಟ್ಟಿದ್ದಿರಿ. ನನಗೆ ಕೇಳಿಸಿದ್ದು ಅವಳ ಉಸಿರು ಮಾತ್ರ. ನಾನು ಹೂಂ ಎಂದೆ.

ಆಮೇಲೆ ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ಏಕೆಂದರೆ ಈ ಸಲ ಒಂದಕ್ಷರವೂ ತಪ್ಪದೆ ಕೇಳಿದೆ: "ಬಸ್ಸಲ್ಲಿ ಅಷ್ಟು ಹೊತ್ತು ಹೇಳಿದ್ನಲ್ಲ, ಒಂದು ಸಲಾನೂ ಮಧ್ಯ ಬಾಯಿ ಹಾಕ್ದೆ ಕೇಳಿದ್ರಿ. ಇಷ್ಟು ವರ್ಷದಲ್ಲಿ ಯಾರ ಹತ್ರಾನೂ ಹೇಳಿರ್ಲಿಲ್ಲ ಅದನ್ನ. ಅದಕ್ಕೇ ನೀವು ಎದ್ದು ಇಳಿದಾಗ ಅಷ್ಟು ಸಿಟ್ಟು ಬಂತು. ಈಗ ಸಿಟ್ಟಿಲ್ಲ. ಗುರುವಾರದ ಬಸ್ಸಿಗೆ ಬನ್ನಿ. ಆದ್ರೆ ನಾನು ಕೇಳಿದ್ದಕ್ಕೆ ಏನು ಹೇಳ್ತೀರಿ ಅಂತ ಯೋಚನೆ ಮಾಡ್ಕೊಂಡೇ ಬನ್ನಿ." ನಾನು ಮತ್ತೆ ಹೂಂ ಎಂದೆ. ನನಗೆ ನಾನೇ ಕಪಾಳಕ್ಕೆ ಹೊಡೆದುಕೊಳ್ಳುವ ಹೊತ್ತಿಗೆ ಆಕೆ ಫೋನಿಟ್ಟಿದ್ದಳು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ. ನಮ್ಮ ಡಿಪೋದಲ್ಲಿ ಒಂದು ಪದ್ಧತಿಯಿದೆ. ಬಸ್ಸಿನಿಂದ ಬಿಚ್ಚಿದ ಯಾವ ಹಳೆಯ ಭಾಗವನ್ನೂ ಎಸೆಯುವಂತಿಲ್ಲ. ಬಸ್ಸಿನ ನಂಬರು, ಬಿಚ್ಚಿದ ತಾರೀಖು, ಬಿಚ್ಚಿದವನ ಸಹಿ ಹಾಕಿದ ಚೀಟಿ ಕಟ್ಟಿ ಸ್ಟೋರಿಗೆ ಒಪ್ಪಿಸಬೇಕು, ಕೇಳಿದವರಿಗೆ ತೋರಿಸಬೇಕು. ತಮ್ಮಂಥ ದೊಡ್ಡ ಕಂಪನಿಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆ ಇದ್ದೇ ಇರಬೇಕು. ಆ ದಿನ ಎರಡನೆಯ ನಿಲ್ದಾಣದಿಂದ ನಾನು ಇಳಿದ ಜಾಗದವರೆಗೆ, ಆಕೆ ಕುಳಿತಿದ್ದ ಐದನೆಯ ನಂಬರಿನ ಸೀಟಿನ ಕಡೆಯಿಂದ ತೆಗೆದ ಶಬ್ದವನ್ನೆಲ್ಲ ತಮ್ಮ ಸ್ಟೋರಿನಲ್ಲಿ ಹುಡುಕಿಸಿ, ಇಂಜಿನ್ನಿನ ಭಾಗವನ್ನು ತಾವೇ ಇಟ್ಟುಕೊಂಡು, ಹೆಂಗಸಿನ ದನಿಯಲ್ಲಿ ಇರುವುದನ್ನಷ್ಟೇ ನನಗೆ ಕಳಿಸಿಕೊಡಬೇಕು. ಮುದ್ದೆಯಾಗಿದ್ದರೂ ಪರವಾಗಿಲ್ಲ, ಬಿಡಿಸಿಕೊಳ್ಳುತ್ತೇನೆ. ಪೂರ್ತಿ ಸಿಗದಿದ್ದರೆ ಕೊನೆಯ ಪ್ರಶ್ನೆಯೊಂದಾದರೂ ಸಾಕು. ಹಾಗೆಯೇ ಕಡಲನ್ನೂ, ಅದು ಯಾವ ಗೋದಾಮಿನಲ್ಲಿ ಹಿಡಿಸಿದೆಯೋ ಅಲ್ಲಿಂದ, ನಿನ್ನೆ ಮಧ್ಯಾಹ್ನದ್ದು ಎರಡು ಅಲೆಯಷ್ಟು.

ಮುಂದಿನ ಮಾದರಿಗೂ ಒಂದು ಸಲಹೆಯಿದೆ. ಇಂಜಿನ್ನಿನ ಶಬ್ದವನ್ನು ಹಾಗೇ ಬಿಡಿ, ಅದರಿಂದ ಯಾರಿಗೂ ಕೇಡಿಲ್ಲ. ನಟ್ಟು, ಬೋಲ್ಟು, ಬುಷ್ಷು, ದವಡೆಗಳನ್ನು ತೆಗೆಯಿರಿ. ಪಕ್ಕದಲ್ಲಿ ಕುಳಿತವರು ಮೂವತ್ತು ವರ್ಷದಿಂದ ಹೇಳದ ಮಾತೊಂದನ್ನು ಹೇಳಲು ಬಾಯಿ ತೆರೆದರೆ, ಧರಿಸಿದವನ ತಲೆಗೆ ಒಂದು ಮೊಟಕುವ ಸಣ್ಣ ಸುತ್ತಿಗೆಯನ್ನು ಮೇಲಿನ ಪಟ್ಟಿಯಲ್ಲಿ ಅಳವಡಿಸಲು ಸಾಧ್ಯವೇ ನೋಡಿ. ಬೇಕಾದ ಅಳತೆಯ ಸುತ್ತಿಗೆಯನ್ನು ನಾನೇ ಮಾಡಿಕೊಡುತ್ತೇನೆ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಿನ್ನೆ ಫೋನಿಟ್ಟ ಮೇಲೆ ತಮ್ಮ ಹೆಡ್‌ಫೋನು ಹಾಕಿಕೊಂಡು, ಗುಂಡಿ ಒತ್ತಿ, ಪಕ್ಕದ ಮನೆಯ ಅಜ್ಜಿಯನ್ನು ಕರೆದು ಪಕ್ಕದಲ್ಲಿ ಕೂರಿಸಿ, ಮೆತ್ತಗೆ ಮಾತಾಡಿ ಎಂದು ಕೇಳಿಕೊಂಡೆ. ಅಜ್ಜಿ ತಮ್ಮ ಮೊಣಕಾಲಿನ ಬಗ್ಗೆ ಅರ್ಧ ಗಂಟೆ ಹೇಳಿದರು. ಸ್ವಲ್ಪ ದೂರದಿಂದ ಬಂದ ಹಾಗಿತ್ತು, ಅಷ್ಟೇ. ಪ್ರತಿಯೊಂದು ಮಾತೂ ಕೇಳಿಸಿತು. ಹಾಗಾಗಿ ತಮ್ಮ ಸ್ಟೋರಿನಲ್ಲಿ ನನ್ನ ಹೆಂಡತಿಯ ಮಾತು ಸಿಗದೆ ಹೋಗಬಹುದು ಎಂಬ ಅನುಮಾನ ನನಗೂ ಇದೆ. ಅದನ್ನು ತೆಗೆದವರ ಸಹಿ ಯಾರದೆಂದು ಚೀಟಿ ನೋಡದೆಯೂ ಗೊತ್ತಾಗುತ್ತಿದೆ. ಆದರೂ ದಯಮಾಡಿ ಒಮ್ಮೆ ಹುಡುಕಿಸಿ.

ಎಲ್ಲ ಶಬ್ದಗಳಿಂದಲೂ ತಮಗೆ ಬಿಡುಗಡೆ ಸಿಗಲೆಂದು ಹಾರೈಸುತ್ತ,

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯೇ ಆಗಿರುವ,
ಕಿವಿ ಮೇಸ್ತ್ರಿ

ತಾ.ಕ.: ತಮ್ಮ ಉತ್ತರ ಬುಧವಾರದೊಳಗೆ ಬಾರದಿದ್ದರೆ, ಗುರುವಾರ ಬೆಳಿಗ್ಗೆ ಆರರ ಬಸ್ಸಿ​ಗೆ ಹೆಡ್‌ಫೋನಿಲ್ಲದೆ ಬರಿಗಿವಿಯಲ್ಲಿ ಹೋಗಿ, ಬಸ್ಸಿನಲ್ಲೂ ಏನೂ ಕೇಳಿಸಲಿಲ್ಲ, ಕಡಲೂ ಕೇಳಿಸಲಿಲ್ಲ, ಮೊದಲಿನಿಂದ ಹೇಳು ಎಂದು ಆಕೆಗೇ ಹೇಳಬೇಕಾಗುತ್ತದೆ. ಆಕೆ ನನ್ನನ್ನು ಎತ್ತಿ ನೀರಿಗೆ ಹಾಕಿದರೆ ಆಗುವ ಸದ್ದು ಒಂದೇ ಸಮ ಬರುವಂಥದ್ದಲ್ಲ, ತಮ್ಮ ಬಟಾಣಿಯಂಥ ಜೋಡಿ ಅದನ್ನು ತಡೆಯಲಾರದೆಂಬ ಭರವಸೆ ನನಗಿದೆ. ಹಾಕದಿದ್ದರೆ, ತಮ್ಮ ಗ್ರಾಹಕ ತೃಪ್ತಿ ವಿಭಾಗದವರು ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ದಿನಾ ಫೋನು ಮಾಡುತ್ತಿದ್ದಾರಲ್ಲ, ಅವರಿಗೆ ಶುಕ್ರವಾರ ಮಾಡಬೇಡಿ ಎಂದು ತಿಳಿಸಿ. ಅವತ್ತು ನಾನು ಕೇಳುತ್ತಿರುತ್ತೇನೆ.